ಡೋಸಿಂಗ್ ಪಂಪ್ ಜೋಡಿಸಿ, ಅಳೆದು, ನಂಬುವಂತೆ ಮಾಡುವುದು: ಬೋರ್‌ವೆಲ್ ನೀರಿಗೂ ಈಜುಕೊಳಕ್ಕೂ ಸಮಗ್ರ ಮಾರ್ಗದರ್ಶಿ

ನೀರಿಗೆ ಕ್ಲೋರಿನ್ ದ್ರಾವಣವನ್ನು ಅಳತೆ ಪ್ರಕಾರ ಸೇರಿಸುವ ಡೋಸಿಂಗ್ ಪಂಪ್ ಓಡುತ್ತಿದೆ, ಹಸಿರು ದೀಪ ಮಿನುಗುತ್ತಿದೆ, ಟಕ್ ಟಕ್ ಸದ್ದೂ ಬರುತ್ತಿದೆ. ನೀರಿನಲ್ಲಿ ಮಾತ್ರ ಕ್ಲೋರಿನ್ ಇಲ್ಲ. ಅಪಾರ್ಟ್‌ಮೆಂಟ್‌ಗಳ, ಹೋಟೆಲುಗಳ, ಕ್ಲಬ್ಬುಗಳ ನಿರ್ವಹಣೆ ನೋಡಿಕೊಳ್ಳುವವರು ನನಗೆ ಮತ್ತೆ ಮತ್ತೆ ಹೇಳುವ ದೂರು ಇದು. ಹೋಗಿ ನೋಡಿದರೆ ಹೆಚ್ಚಿನ ಸಲ ಪಂಪ್ ಕೆಟ್ಟಿರುವುದಿಲ್ಲ. ಜೋಡಿಸಿದ ಕ್ರಮ ತಪ್ಪಿರುತ್ತದೆ, ಅಥವಾ ಗುಂಡಿಯ ಮೇಲಿನ ಅಂಕಿಯನ್ನೇ ಲೀಟರ್ ಎಂದು ನಂಬಿರುತ್ತಾರೆ. ಆ ಅಂಕಿ ಲೀಟರ್ ಅಲ್ಲ. ಪಂಪಿನ ಪೂರ್ಣ ಸಾಮರ್ಥ್ಯದ ಶೇಕಡಾವಾರು ಅಷ್ಟೇ. ನಿಮ್ಮ ಪೈಪಿನಲ್ಲಿ, ನಿಮ್ಮ ಒತ್ತಡದಲ್ಲಿ ಪಂಪ್ ಎಷ್ಟು ಕೊಡುತ್ತದೆ ಎಂಬುದನ್ನು ನೀವೇ ಅಳೆಯಬೇಕು.

ಈ ಬರಹ ವಿದ್ಯುತ್ಕಾಂತೀಯ ಡಯಾಫ್ರಮ್ ಪಂಪಿನ ಬಗ್ಗೆ. ಡಯಾಫ್ರಮ್ ಅಂದರೆ ಹಿಂದೆ ಮುಂದೆ ಬಾಗಿ ದ್ರಾವಣವನ್ನು ತಳ್ಳುವ ಪೊರೆ. ಗಂಟೆಗೆ 6 ಲೀಟರ್ ಸಾಮರ್ಥ್ಯದ, ಗೋಡೆಗೆ ಹಾಕುವ ಚಿಕ್ಕ ಪೆಟ್ಟಿಗೆಯಂತಹ ಪಂಪ್. ಎರಡು ಉದಾಹರಣೆಗಳನ್ನು ಕೊನೆಯವರೆಗೂ ಜೊತೆಗೆ ಒಯ್ಯುತ್ತೇನೆ: ಒಂದು ಬೋರ್‌ವೆಲ್‌ನಿಂದ ಸಂಪಿಗೆ ಬರುವ ನೀರು, ಇನ್ನೊಂದು ಸಾರ್ವಜನಿಕ ಬಳಕೆಯ ಈಜುಕೊಳ. ಎರಡಕ್ಕೂ ಹಾಕುವುದು ಹೈಪೋ, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ.

ಕೈ ಹಾಕುವ ಮೊದಲು

ಹೈಪೋ ಮತ್ತು ಆಸಿಡ್ (ಈಜುಕೊಳದ ಪಿಎಚ್ ಇಳಿಸಲು ಹಾಕುವುದು) ಒಂದಕ್ಕೊಂದು ತಾಗಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ನೆಲಮಾಳಿಗೆಯ ಪಂಪ್ ರೂಮಿನಲ್ಲಿ ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಆದ್ದರಿಂದ ಎಕ್ಸಾಸ್ಟ್ ಫ್ಯಾನು ಗಾಳಿ ಎಳೆಯುವ ಬಾಯಿ ಕೆಳಗಿರಬೇಕು. ಸೂರಿನ ಹತ್ತಿರ ಮಾತ್ರ ಫ್ಯಾನ್ ಇದ್ದರೆ ಅದು ಇದ್ದೂ ಇಲ್ಲದಂತೆ. ನೀರು ತಿಳಿಗೊಳಿಸಲು ಬಳಸುವ ಆಲಂ (ಪಟಿಕ) ದ್ರಾವಣವೂ ಆಮ್ಲೀಯ. ಅದನ್ನು ಹೈಪೋ ಟ್ಯಾಂಕಿಗೆ ತಪ್ಪಿ ಸುರಿದರೂ ಅಪಾಯ ಅದೇ. ಈಜುಕೊಳಕ್ಕೆ ಹಾಕುವ ಇನ್ನೊಂದು ಕ್ಲೋರಿನ್ ರಾಸಾಯನಿಕವಾದ ಟ್ರೈಕ್ಲೋರ್ ಹರಳನ್ನು ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು.

ಹೈಪೋ ಕ್ಯಾನೂ ಆಸಿಡ್ ಕ್ಯಾನೂ ಬಹಳಷ್ಟು ಕಡೆ ಒಂದೇ ನೀಲಿ ಬಣ್ಣದಲ್ಲಿ, ಒಂದೇ ಆಕಾರದಲ್ಲಿ ಬರುತ್ತವೆ. ಎರಡನ್ನೂ ಬೇರೆ ಬೇರೆ ಮೂಲೆಯಲ್ಲಿ, ಬೇರೆ ಬೇರೆ ತಟ್ಟೆಯ ಮೇಲೆ ಇಡಿ. ದಿನವೂ ಕ್ಯಾನ್ ಎತ್ತುವ ಆಪರೇಟರ್ ಯಾವ ಭಾಷೆ ಓದುತ್ತಾರೋ ಆ ಭಾಷೆಯಲ್ಲಿ ದಪ್ಪಕ್ಷರದ ಚೀಟಿ ಅಂಟಿಸಿ. ಆಪರೇಟರ್ ಒಡಿಯಾ ಅಥವಾ ಬಂಗಾಳಿ ಓದುವವರಾಗಿದ್ದರೆ ಇಂಗ್ಲಿಷ್ ಲೇಬಲ್ ಅವರನ್ನು ಕಾಪಾಡುವುದಿಲ್ಲ.

ಬೇಕಾದ ಸಾಮಾನು

ಉದ್ದನೆಯ ಪಿವಿಸಿ ಕೈಗವಸು, ಪಕ್ಕ ಮುಚ್ಚಿದ ಕನ್ನಡಕ, ಏಪ್ರನ್, ಕಣ್ಣಿಗೆ ಹಾರಿದರೆ ತೊಳೆಯಲು ಕೈಗೆಟುಕುವಲ್ಲಿ ಶುದ್ಧ ನೀರಿನ ನಲ್ಲಿ. ಅಳತೆಗೆ 100 ಮಿಲಿಲೀಟರ್‌ನ ಅಳತೆ ಜಾಡಿ, ಸೂಜಿಯಿಲ್ಲದ 10 ಮಿಲಿಲೀಟರ್ ಸಿರಿಂಜ್, ಮೊಬೈಲಿನ ಸ್ಟಾಪ್‌ವಾಚ್, ಟೇಪು. ಪರೀಕ್ಷೆಗೆ ಕ್ಲೋರಿನ್ ಅಳೆಯುವ ಡಿಪಿಡಿ ಕಿಟ್ ಮತ್ತು ಪಿಎಚ್ ಮೀಟರ್. ಮೀಟರ್ ಸರಿಹೊಂದಿಸಲು ಜೊತೆಗೆ ಪಿಎಚ್ 4 ಮತ್ತು 7ರ ಬಫರ್ ದ್ರಾವಣ. ಜೋಡಣೆಗೆ ಹರಿತವಾದ ಬ್ಲೇಡು, ಟೆಫ್ಲಾನ್ ಟೇಪ್, ಸ್ಕ್ರೂ ಡ್ರೈವರ್, ಮಲ್ಟಿಮೀಟರ್. ಪೈಪ್ ರೆಂಚನ್ನು ಪೆಟ್ಟಿಗೆಯಲ್ಲೇ ಬಿಡಿ. ಡೋಸಿಂಗ್ ಪಂಪಿನ ಪ್ಲಾಸ್ಟಿಕ್ ನಟ್ಟುಗಳನ್ನು ಒಡೆಯುವುದು ಅದೇ.

ಕಿಟ್ ಬಗ್ಗೆ ಒಂದು ಮಾತು. ಹಳದಿ ಬಣ್ಣ ತೋರಿಸುವ ಓಟಿ ಕಿಟ್ ಅಗ್ಗವೆಂದು ಎಲ್ಲೆಡೆ ಇರುತ್ತದೆ. ಅದು ಒಟ್ಟು ಕ್ಲೋರಿನ್ ತೋರಿಸುತ್ತದೆ. ಕೆಲಸ ಮಾಡುವ ಮುಕ್ತ ಕ್ಲೋರಿನ್ ಎಷ್ಟು ಎಂದು ಬೇರೆಯಾಗಿ ಹೇಳುವುದಿಲ್ಲ. ಪಂಪ್ ಹೊಂದಿಸುವ ಕೆಲಸಕ್ಕೆ ಗುಲಾಬಿ ಬಣ್ಣದ ಡಿಪಿಡಿಯೇ ಬೇಕು.

ಹಂತ 1: ನೀರನ್ನು ಅಳೆಯಿರಿ

ಮುಖ್ಯ ಪಂಪಿನ ನಾಮಫಲಕದಲ್ಲಿರುವ ಅಂಕಿಯನ್ನು ನಂಬಬೇಡಿ. ಬೋರ್‌ವೆಲ್ ನೀರಿನ ಮಟ್ಟ ಇಳಿದಂತೆ, ಫಿಲ್ಟರ್ ಕಟ್ಟಿಕೊಂಡಂತೆ ಹರಿವು ಕಡಿಮೆಯಾಗುತ್ತದೆ. ಫ್ಲೋ ಮೀಟರ್ ಇದ್ದರೆ ಸರಿ. ಇಲ್ಲದಿದ್ದರೆ ಸಂಪನ್ನೇ ಅಳತೆಪಾತ್ರೆ ಮಾಡಿಕೊಳ್ಳಿ. ಸಂಪಿನಿಂದ ಮೇಲಕ್ಕೆ ಹೋಗುವ ಮೋಟರ್ ನಿಲ್ಲಿಸಿ, ಬೋರ್‌ವೆಲ್ ಮಾತ್ರ ಬಿಡಿ. ಸಂಪ್ 3 ಮೀಟರ್ ಉದ್ದ, 2 ಮೀಟರ್ ಅಗಲವಿದ್ದು, 10 ನಿಮಿಷದಲ್ಲಿ ನೀರು 25 ಸೆಂಟಿಮೀಟರ್ ಏರಿದರೆ 1.5 ಘನ ಮೀಟರ್ ಬಂದಂತಾಯಿತು. ಗಂಟೆಗೆ 9 ಘನ ಮೀಟರ್.

ಈಜುಕೊಳಕ್ಕೆ ಲೆಕ್ಕ ಬೇರೆ. ಕೊಳ 20 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ ಆಳ 1.25 ಮೀಟರ್ ಇದ್ದರೆ 250 ಘನ ಮೀಟರ್ ನೀರು. ಇಡೀ ನೀರು ಫಿಲ್ಟರ್ ಮೂಲಕ ಒಮ್ಮೆ ಸುತ್ತಿ ಬರಲು 5 ಗಂಟೆ ಬೇಕಾದರೆ ಹರಿವು ಗಂಟೆಗೆ 50 ಘನ ಮೀಟರ್.

ಹರಿವು ತಿಳಿದ ಮೇಲೆ, ನಿಮ್ಮ ನೀರು ಎಷ್ಟು ಕ್ಲೋರಿನ್ ನುಂಗುತ್ತದೆ ಎಂದು ನೋಡಬೇಕು. ಇದನ್ನು ಬಿಟ್ಟು ಮುಂದೆ ಹೋದವರೇ ಹೆಚ್ಚು, ಎಡವುವವರೂ ಅವರೇ. ಶೇಕಡಾ 10ರ ಹೈಪೋ 10 ಮಿಲಿಲೀಟರ್ ತೆಗೆದುಕೊಂಡು 1 ಲೀಟರ್ ಆರ್‌ಒ ನೀರಿಗೆ ಬೆರೆಸಿ. ಈ ದ್ರಾವಣದ 1 ಮಿಲಿಲೀಟರನ್ನು 1 ಲೀಟರ್ ನೀರಿಗೆ ಹಾಕಿದರೆ ಅದು 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಡೋಸ್. ನಾಲ್ಕು ಬಾಟಲಿಗಳಲ್ಲಿ ತಲಾ 1 ಲೀಟರ್ ಬೋರ್‌ವೆಲ್ ನೀರು ಹಿಡಿದು, ಕ್ರಮವಾಗಿ 1, 2, 3, 4 ಮಿಲಿಲೀಟರ್ ಹಾಕಿ, ಅಲ್ಲಾಡಿಸಿ, ನೆರಳಿನಲ್ಲಿ 30 ನಿಮಿಷ ಬಿಡಿ. ಬಳಿಕ ಡಿಪಿಡಿಯಲ್ಲಿ ಪರೀಕ್ಷಿಸಿ. ಯಾವ ಬಾಟಲಿಯಲ್ಲಿ ಸುಮಾರು 0.5 ಪಿಪಿಎಂ ಮುಕ್ತ ಕ್ಲೋರಿನ್ ಉಳಿದಿದೆಯೋ ಅದೇ ನಿಮ್ಮ ಡೋಸ್.

ನೀರಿನಲ್ಲಿ ಕಬ್ಬಿಣವಿದ್ದರೆ ಈ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ: ತಿಳಿಯಾಗಿದ್ದ ಬಾಟಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಕಬ್ಬಿಣ ಸುಮಾರು 0.64 ಮಿಲಿಗ್ರಾಂ ಕ್ಲೋರಿನ್ ತಿನ್ನುತ್ತದೆ. ಅಂತಹ ನೀರಿಗೆ ಹೈಪೋವನ್ನು ಫಿಲ್ಟರಿನ ಮುಂಚೆಯೇ ಕೊಡಬೇಕು, ಕೂಡಿಬಂದ ಕೆಸರು ಫಿಲ್ಟರಿನಲ್ಲಿ ನಿಲ್ಲಲಿ. ಫಿಲ್ಟರಿನ ನಂತರ ಕೊಟ್ಟರೆ ಆ ಕಂದು ನೀರು ಮನೆಮನೆಯ ಬಕೆಟ್ಟಿಗೆ ಹೋಗುತ್ತದೆ.

ಹಂತ 2: ಲೆಕ್ಕ ಬರೆದಿಡಿ

ಗಂಟೆಗೆ ಎಷ್ಟು ಘನ ಮೀಟರ್ ಹರಿವು ಎಂಬುದನ್ನು ಪಿಪಿಎಂ ಡೋಸಿನಿಂದ ಗುಣಿಸಿದರೆ ಗಂಟೆಗೆ ಎಷ್ಟು ಗ್ರಾಂ ಕ್ಲೋರಿನ್ ಬೇಕು ಎಂದು ಸಿಗುತ್ತದೆ. ಶೇಕಡಾ 10ರ ಹೈಪೋ ಲೀಟರಿಗೆ 100 ಗ್ರಾಂ ಕೊಡುತ್ತದೆ. ಇಷ್ಟೇ ಲೆಕ್ಕ.

ಬೋರ್‌ವೆಲ್ ಉದಾಹರಣೆ: 9 ಘನ ಮೀಟರ್ ಹರಿವು, 2 ಪಿಪಿಎಂ ಡೋಸ್, ಗಂಟೆಗೆ 18 ಗ್ರಾಂ. ನೇರ ಹೈಪೋ ಆದರೆ ಗಂಟೆಗೆ 180 ಮಿಲಿಲೀಟರ್ ಸಾಕು. 6 ಲೀಟರಿನ ಪಂಪಿಗೆ ಅದು ಶೇಕಡಾ 3 ಮಾತ್ರ. ಅಷ್ಟು ಕೆಳಗೆ ಇಟ್ಟರೆ ಪಂಪ್ ನಿಖರವಾಗಿರುವುದಿಲ್ಲ, ಪಂಪಿನ ತಲೆಯೊಳಗೆ (ದ್ರಾವಣ ಹಾದುಹೋಗುವ ಮುಂಭಾಗ) ಗಾಳಿಯೂ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಒಂದು ಪಾಲು ಹೈಪೋಗೆ ಒಂಬತ್ತು ಪಾಲು ನೀರು ಬೆರೆಸಿ ಶೇಕಡಾ 1ಕ್ಕೆ ಇಳಿಸಿ. ಈಗ ಬೇಕಾದದ್ದು ಗಂಟೆಗೆ 1.8 ಲೀಟರ್, ಪಂಪಿನ ಶೇಕಡಾ 30. ದಿನಕ್ಕೆ 8 ಗಂಟೆ ಬೋರ್‌ವೆಲ್ ಓಡಿದರೆ 14.4 ಲೀಟರ್ ಖರ್ಚು. 100 ಲೀಟರಿನ ಟ್ಯಾಂಕ್ ಹೆಚ್ಚುಕಡಿಮೆ ಒಂದು ವಾರಕ್ಕೆ ಬರುತ್ತದೆ.

ಈಜುಕೊಳ: 50 ಘನ ಮೀಟರ್, ಆರಂಭಕ್ಕೆ 2 ಪಿಪಿಎಂ, ಗಂಟೆಗೆ 100 ಗ್ರಾಂ. ಹೈಪೋವನ್ನು ಅರ್ಧಕ್ಕರ್ಧ ನೀರು ಬೆರೆಸಿ ಶೇಕಡಾ 5 ಮಾಡಿದರೆ ಗಂಟೆಗೆ 2 ಲೀಟರ್. ಬಿಸಿಲಿಗೆ ತೆರೆದ ಕೊಳದಲ್ಲಿ ಮಧ್ಯಾಹ್ನದ ಖರ್ಚು ಬಹಳ ಹೆಚ್ಚು. ಕ್ಲೋರಿನ್ನನ್ನು ಬಿಸಿಲಿನಿಂದ ಕಾಪಾಡುವ ಸಯನ್ಯೂರಿಕ್ ಆಮ್ಲವಿಲ್ಲದ ನೀರಿನ ಕ್ಲೋರಿನ್ನಿನ ಬಹುಪಾಲನ್ನು ನಡುಹಗಲ ಬಿಸಿಲು ಒಂದೆರಡು ಗಂಟೆಯಲ್ಲೇ ಮುಗಿಸುತ್ತದೆ. ಹೈಪೋದಲ್ಲಿ ಆ ರಕ್ಷಕ ಇರುವುದಿಲ್ಲ. ಹೊರಾಂಗಣ ಕೊಳಕ್ಕೆ ಅದನ್ನು ಬೇರೆಯಾಗಿ 30ರಿಂದ 50 ಪಿಪಿಎಂ ಇಟ್ಟುಕೊಳ್ಳಿ, ಇಲ್ಲದಿದ್ದರೆ ಪಂಪನ್ನು ಎಷ್ಟು ತಿರುಗಿಸಿದರೂ ಸಾಲದು.

ಕ್ಯಾನಿನ ಮೇಲೆ 10 ಅಥವಾ 12 ಎಂದು ಬರೆದಿದ್ದರೂ ಒಳಗಿರುವುದು ಅಷ್ಟೇ ಎಂದು ನಂಬಬೇಡಿ. ಬಿಸಿಲು, ಸೆಕೆ, ಹಳೆಯ ದಾಸ್ತಾನು ಎಲ್ಲವೂ ಹೈಪೋದ ಬಲ ಕುಗ್ಗಿಸುತ್ತವೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೆ ಸಾಕಾಗುವಷ್ಟು ಮಾತ್ರ ತರಿಸಿ.

ಹಂತ 3: ಪಂಪಿನ ಒಳಭಾಗ ನೋಡಿ ಕೊಳ್ಳಿ

ಬೇಕಾದ ಹರಿವು ಪಂಪಿನ ಸಾಮರ್ಥ್ಯದ ಶೇಕಡಾ 30ರಿಂದ 70ರ ನಡುವೆ ಬೀಳಬೇಕು. ಪಂಪಿನ ಒತ್ತಡದ ಮಿತಿ ನಿಮ್ಮ ಪೈಪಿನ ಒತ್ತಡಕ್ಕಿಂತ ಹೆಚ್ಚಿರಬೇಕು. ಪೈಪಿನಲ್ಲಿ 2 ಬಾರ್ ಇದ್ದರೆ 4 ಬಾರಿನ ಪಂಪ್ ತೆಗೆದುಕೊಳ್ಳಿ. ಡಯಾಫ್ರಮ್ ಟೆಫ್ಲಾನಿನದಿರಲಿ, ತಲೆ ಪಿಪಿ ಅಥವಾ ಪಿವಿಡಿಎಫ್ ಪ್ಲಾಸ್ಟಿಕ್, ವಾಲ್ವಿನ ಗುಂಡು ಸೆರಾಮಿಕ್. ಮುಖ್ಯ ಪೈಪಿಗೆ ದ್ರಾವಣ ಸೇರಿಸುವ ಇಂಜೆಕ್ಷನ್ ವಾಲ್ವಿನ ಸ್ಪ್ರಿಂಗ್ ಸಾದಾ ಸ್ಟೀಲಿನದಾದರೆ ಹೈಪೋ ಅದನ್ನು ತಿಂದುಹಾಕುತ್ತದೆ. ಆಸಿಡ್‌ಗೆಂದು ಕೊಂಡ ಪಂಪನ್ನು ತೊಳೆಯದೆ ಹೈಪೋಗೆ ಹಾಕುವುದು ಎಂದೆಂದಿಗೂ ಬೇಡ.

ಹಂತ 4: ಟ್ಯಾಂಕ್ ಮತ್ತು ದ್ರಾವಣ

ಟ್ಯಾಂಕ್ ಬೆಳಕು ತೂರದಂತಹದ್ದಿರಲಿ, ಬಿಸಿಲು ಬೀಳದಲ್ಲಿ ಇರಲಿ. ತೆರೆದ ಟ್ಯಾಂಕಿನ ಬಾಯಿಯ ನೇರ ಮೇಲೆ ಪಂಪ್ ಕೂರಿಸಬೇಡಿ. ಏಳುವ ಆವಿ ಕೆಲವೇ ತಿಂಗಳಲ್ಲಿ ಒಳಗಿನ ಸರ್ಕ್ಯೂಟ್ ಬೋರ್ಡನ್ನು ಕೊರೆಯುತ್ತದೆ. ಪಕ್ಕದ ಗೋಡೆಗೆ, ಟ್ಯಾಂಕಿನ ತಳದಿಂದ ಒಂದೂವರೆ ಮೀಟರಿಗಿಂತ ಎತ್ತರವಾಗದಂತೆ ಹಾಕಿ. ಆಸಿಡ್ ಟ್ಯಾಂಕನ್ನು ವಿದ್ಯುತ್ ಪ್ಯಾನೆಲ್ಲಿನ ಹತ್ತಿರ ಇಡುವುದಂತೂ ಬೇಡವೇ ಬೇಡ.

ದ್ರಾವಣ ಮಾಡುವ ನೀರು ಮುಖ್ಯ. ಗಡಸು ಬೋರ್‌ವೆಲ್ ನೀರಿಗೆ ಹೈಪೋ ಹಾಕಿದೊಡನೆ ಅದರ ಕ್ಷಾರದಿಂದ ಸುಣ್ಣ ಬಿಟ್ಟುಕೊಂಡು ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಆ ಸುಣ್ಣವೇ ಆಮೇಲೆ ವಾಲ್ವಿನ ಗುಂಡಿನ ಕೆಳಗೆ, ಇಂಜೆಕ್ಷನ್ ತುದಿಯಲ್ಲಿ ಕಲ್ಲಾಗಿ ಕೂರುತ್ತದೆ. ಸಾಫ್ಟ್‌ನರ್ ಅಥವಾ ಆರ್‌ಒ ನೀರು ಬಳಸಿ. ಆರ್‌ಒ ಹೊರಹಾಕುವ ನೀರು ಬೇಡ, ಅದು ಇನ್ನಷ್ಟು ಗಡಸು. ಬೇರೆ ದಾರಿಯೇ ಇಲ್ಲದಿದ್ದರೆ ಬೇರೊಂದು ಡ್ರಮ್ಮಿನಲ್ಲಿ ಬೆರೆಸಿ, ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ತೆಗೆಯಿರಿ. ಬ್ಲೀಚಿಂಗ್ ಪೌಡರ್ ಕದಡಿ ಡೋಸಿಂಗ್ ಪಂಪಿಗೆ ಕೊಡುವವರಿದ್ದಾರೆ. ಅದರ ಗಸಿ ವಾಲ್ವನ್ನು ದಿನಗಳಲ್ಲೇ ಕಟ್ಟಿಸುತ್ತದೆ.

ಮೊದಲು ನೀರು, ಆಮೇಲೆ ಹೈಪೋ. ಆಸಿಡ್‌ಗೂ ಹಾಗೆಯೇ: ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು.

ಹಂತ 5: ಕೊಳವೆ ಜೋಡಣೆ

ದ್ರಾವಣ ಎಳೆಯುವ ಸಕ್ಷನ್ ಟ್ಯೂಬಿನ ಕೆಳತುದಿಯ ಫುಟ್ ವಾಲ್ವ್ ನೆಟ್ಟಗೆ ನಿಂತಿರಬೇಕು, ಟ್ಯಾಂಕಿನ ತಳದಿಂದ ಸುಮಾರು 5 ಸೆಂಟಿಮೀಟರ್ ಮೇಲೆ. ಅದು ಮಲಗಿದರೆ ಗುಂಡು ತನ್ನ ಜಾಗದಲ್ಲಿ ಕೂರುವುದಿಲ್ಲ, ಟ್ಯೂಬಿನ ದ್ರಾವಣ ಕೆಳಗಿಳಿಯುತ್ತದೆ. ಅಲ್ಲಿಂದ ಪಂಪಿನವರೆಗೆ ಸಕ್ಷನ್ ಟ್ಯೂಬ್ ಏರುತ್ತಲೇ ಹೋಗಬೇಕು. ಉಳಿದ ಟ್ಯೂಬನ್ನು ಸುರುಳಿ ಸುತ್ತಿ ಗೋಡೆಗೆ ಕಟ್ಟುವುದು ಪ್ಲಂಬರುಗಳ ಅಭ್ಯಾಸ. ಆ ಸುರುಳಿಯ ಮೇಲ್ಭಾಗದಲ್ಲೇ ಗಾಳಿ ಕೂಡಿಕೊಳ್ಳುತ್ತದೆ. ಬೇಕಾದಷ್ಟೇ ಉದ್ದ ಇಟ್ಟು ಉಳಿದದ್ದನ್ನು ಕತ್ತರಿಸಿ ಹಾಕಿ.

ಟ್ಯೂಬನ್ನು ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಹ್ಯಾಕ್ಸಾದಿಂದ ಕುಯ್ದರೆ ತುದಿಯ ಎಳೆಗಳು ವಾಲ್ವಿಗೆ ಸೇರುತ್ತವೆ. ನಟ್ ತೆಗೆದು ಟ್ಯೂಬಿಗೆ ತೊಡಿಸಿ, ಟ್ಯೂಬನ್ನು ಕೋನ್ ಮೇಲೆ ಪೂರ್ತಿ ಕೂರಿಸಿ, ನಟ್ಟನ್ನು ಕೈಯಿಂದಲೇ ಬಿಗಿಮಾಡಿ. ಇಲ್ಲಿ ಟೆಫ್ಲಾನ್ ಟೇಪ್ ಬೇಡ. ಅದು ಬೇಕಾಗುವುದು ಮುಖ್ಯ ಪೈಪಿಗೆ ಇಂಜೆಕ್ಷನ್ ವಾಲ್ವ್ ತಿರುಗಿಸುವ ಥ್ರೆಡ್‌ಗೆ ಮಾತ್ರ.

ಇಂಜೆಕ್ಷನ್ ವಾಲ್ವನ್ನು ಪೈಪಿನ ಕೆಳಗಿನಿಂದ ಅಥವಾ ಪಕ್ಕದಿಂದ ಕೂರಿಸಿ. ಪೈಪಿನ ಮೇಲ್ಭಾಗದಲ್ಲಿ ಗಾಳಿ ನಿಲ್ಲುತ್ತದೆ. ಈಜುಕೊಳದಲ್ಲಿ ಇದರ ಜಾಗ ಫಿಲ್ಟರ್ ಮತ್ತು ಹೀಟರ್ ಎರಡೂ ಮುಗಿದ ಮೇಲೆ, ಕೊಳಕ್ಕೆ ಮರಳುವ ಪೈಪಿನಲ್ಲಿ. ಮುಖ್ಯ ಪಂಪಿನ ಸಕ್ಷನ್ ಬದಿಗೆ ಎಂದೂ ಕೊಡಬೇಡಿ: ಅಲ್ಲಿನ ಎಳೆತಕ್ಕೆ ಡೋಸಿಂಗ್ ಪಂಪ್ ನಿಂತಿದ್ದರೂ ಟ್ಯಾಂಕ್ ಖಾಲಿಯಾಗುತ್ತದೆ. ಒತ್ತಡವಿಲ್ಲದ ಸಂಪಿಗೆ ಟ್ಯೂಬ್ ಬಿಡುವುದಾದರೆ ಸೈಫನ್ (ಪಂಪ್ ನಿಂತಿದ್ದರೂ ದ್ರಾವಣ ತಾನಾಗಿ ಹರಿದುಹೋಗುವುದು) ತಡೆಯುವ ವಾಲ್ವ್ ಕಡ್ಡಾಯ. ಹೈಪೋ ಮತ್ತು ಆಸಿಡ್ ಪೈಪಿಗೆ ಸೇರುವ ಜಾಗಗಳ ನಡುವೆ ಕನಿಷ್ಠ ಒಂದು ಮೀಟರ್ ಇರಲಿ. ಜಾಗವಿದ್ದರೆ ಇನ್ನೂ ದೂರ.

ಹಂತ 6: ಮೊದಲು ಬರೀ ನೀರಿನಲ್ಲಿ ಓಡಿಸಿ

ಟ್ಯಾಂಕಿಗೆ ಸ್ವಚ್ಛ ನೀರು ಹಾಕಿ ಓಡಿಸಿ. ಸೋರಿಕೆ ಇದ್ದರೆ ಈಗಲೇ, ಕೈ ಸುಡದೆ, ತಿಳಿಯುತ್ತದೆ. ಪಂಪಿನ ತಲೆಯಿಂದ ಗಾಳಿ ಹೊರಬಿಡುವ ಬ್ಲೀಡ್ ವಾಲ್ವ್ ಸಡಿಲಿಸಿ, ಅದರ ಟ್ಯೂಬನ್ನು ಟ್ಯಾಂಕಿಗೇ ವಾಪಸು ಬಿಟ್ಟು, ಪಂಪನ್ನು ಶೇಕಡಾ 100ಕ್ಕೆ ಏರಿಸಿ.

ಈಗ ಬ್ಯಾಟರಿ ಹಿಡಿದು ಸಕ್ಷನ್ ಟ್ಯೂಬನ್ನು ಹತ್ತಿರದಿಂದ ನೋಡಿ. ಪ್ರತಿ ಟಕ್ ಸದ್ದಿಗೂ ನೀರಿನ ಅಂಚು ಒಂದೊಂದು ಬೆರಳಿನಷ್ಟು ಮೇಲೇರಬೇಕು. ಏರಿದ ಅಂಚು ಮುಂದಿನ ಸದ್ದಿಗೆ ಮುಂಚೆ ಹಿಂದೆ ಜಾರಿದರೆ ಫುಟ್ ವಾಲ್ವ್ ಹಿಡಿಯುತ್ತಿಲ್ಲ. ಅಂಚು ಒಂದೇ ಕಡೆ ನಡುಗುತ್ತಾ ನಿಂತಿದ್ದರೆ ತಲೆಯೊಳಗೆ ಗಾಳಿ ಇದೆ. ಬ್ಲೀಡ್ ಟ್ಯೂಬಿನಿಂದ ಗುಳ್ಳೆಯಿಲ್ಲದೆ ನೀರು ಬರುವವರೆಗೆ ಕಾದು, ಆಮೇಲೆ ಬ್ಲೀಡ್ ಮುಚ್ಚಿ. ಈ ಎರಡು ನಿಮಿಷದ ನೋಟ ಕಲಿತ ಆಪರೇಟರಿಗೆ ಮುಂದೆ ಯಾರನ್ನೂ ಫೋನ್ ಮಾಡಿ ಕರೆಯುವ ಅಗತ್ಯ ಬೀಳುವುದಿಲ್ಲ.

ಹೈಪೋ ತಾನಾಗಿಯೇ ಅನಿಲ ಬಿಡುವ ದ್ರಾವಣ. ರಾತ್ರಿಯಿಡೀ ನಿಂತ ಪಂಪಿನಲ್ಲಿ ಬೆಳಿಗ್ಗೆ ಗುಳ್ಳೆ ಕಟ್ಟಿರುತ್ತದೆ. ಆದ್ದರಿಂದ ಸ್ಟ್ರೋಕ್ (ಡಯಾಫ್ರಮ್ಮಿನ ಒಂದೊಂದು ತಳ್ಳು) ಉದ್ದ ಮತ್ತು ಸ್ಟ್ರೋಕ್ ಸಂಖ್ಯೆ ಎರಡನ್ನೂ ಬದಲಿಸಬಹುದಾದ ಪಂಪಿನಲ್ಲಿ ಉದ್ದವನ್ನು ಹೆಚ್ಚಿಟ್ಟು ಸಂಖ್ಯೆಯನ್ನು ಕಡಿಮೆ ಮಾಡಿ. ಉದ್ದನೆಯ ತಳ್ಳು ಗುಳ್ಳೆಯನ್ನು ಹೊರದೂಡುತ್ತದೆ. ಚಿಕ್ಕ ತಳ್ಳು ಅದನ್ನು ಹಿಂಡಿ ಬಿಡುತ್ತದೆ ಅಷ್ಟೇ.

ಹಂತ 7: ಇಂಟರ್‌ಲಾಕ್, ಇದಿಲ್ಲದೆ ಹೈಪೋ ತುಂಬಬೇಡಿ

ಇಂಟರ್‌ಲಾಕ್ ಅಂದರೆ ಮುಖ್ಯ ಪಂಪ್ ನಿಂತರೆ ಡೋಸಿಂಗ್ ಪಂಪೂ ತಾನಾಗಿ ನಿಲ್ಲುವ ವ್ಯವಸ್ಥೆ. ಈ ಹಂತವನ್ನು ಆಮೇಲೆ ಮಾಡೋಣವೆಂದು ಬಿಟ್ಟ ಪಂಪ್ ರೂಮುಗಳೇ ನನ್ನ ನಿದ್ದೆ ಕೆಡಿಸುತ್ತವೆ.

ಮುಖ್ಯ ಪಂಪ್ ನಿಂತು ಡೋಸಿಂಗ್ ಪಂಪುಗಳು ಓಡುತ್ತಲೇ ಇದ್ದರೆ, ನಿಂತ ನೀರಿನ ಪೈಪಿನಲ್ಲಿ ಹೈಪೋ ಮತ್ತು ಆಸಿಡ್ ಸಾಂದ್ರವಾಗಿ ಕೂಡಿಕೊಳ್ಳುತ್ತವೆ. ಅರ್ಧ ಗಂಟೆಯ ಬಳಿಕ ಯಾರೋ ಮುಖ್ಯ ಪಂಪ್ ಹಾಕುತ್ತಾರೆ. ಪೈಪಿನಲ್ಲಿ ಹುಟ್ಟಿದ ಕ್ಲೋರಿನ್ ಅನಿಲ ನೇರವಾಗಿ ಮಕ್ಕಳು ಈಜುತ್ತಿರುವ ಕೊಳದ ನೀರಿನಿಂದ ಏಳುತ್ತದೆ. ಇದು ಊಹೆಯಲ್ಲ; ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಇಂತಹ ಪ್ರಕರಣಗಳನ್ನು ದಾಖಲಿಸಿ ಎಚ್ಚರಿಸಿದೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿಬರುವ ನಮ್ಮ ಕಡೆ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ: ಕರೆಂಟ್ ಬಂದೊಡನೆ ಡೋಸಿಂಗ್ ಪಂಪ್ ತಾನಾಗಿ ಓಡುತ್ತದೆ, ಮುಖ್ಯ ಮೋಟರಿನ ಸ್ಟಾರ್ಟರನ್ನು ಮಾತ್ರ ಯಾರಾದರೂ ಬಂದು ಒತ್ತಬೇಕು.

ಮಾಡಬೇಕಾದದ್ದು ಎರಡು. ಒಂದು, ಡೋಸಿಂಗ್ ಪಂಪಿನ ವಿದ್ಯುತ್ತನ್ನು ಮುಖ್ಯ ಮೋಟರಿನ ಕಾಂಟ್ಯಾಕ್ಟರಿನ (ಮೋಟರಿಗೆ ವಿದ್ಯುತ್ ಕೊಡುವ ಸ್ವಿಚ್) ಸಹಾಯಕ ಕಾಂಟ್ಯಾಕ್ಟ್ ಮೂಲಕ ತರಿಸಿ. ಮೋಟರ್ ನಿಂತರೆ ಇದೂ ನಿಲ್ಲಬೇಕು. ಎರಡು, ಪೈಪಿಗೆ ಫ್ಲೋ ಸ್ವಿಚ್ ಹಾಕಿಸಿ ಅದನ್ನೂ ಅದೇ ಸಾಲಿನಲ್ಲಿ ಸೇರಿಸಿ. ಕಾಂಟ್ಯಾಕ್ಟರ್ ಹಿಡಿದಿದೆ ಎಂದ ಮಾತ್ರಕ್ಕೆ ನೀರು ಹರಿಯುತ್ತಿದೆ ಎಂದಲ್ಲ. ಬೋರ್‌ವೆಲ್ ಬತ್ತಿರಬಹುದು, ವಾಲ್ವ್ ಮುಚ್ಚಿರಬಹುದು, ಫಿಲ್ಟರನ್ನು ಹಿಮ್ಮುಖವಾಗಿ ತೊಳೆಯುವ ಬ್ಯಾಕ್‌ವಾಶ್ ನಡೆಯುತ್ತಿರಬಹುದು. ವೈರಿಂಗ್ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನಿಂದಲೇ ಮಾಡಿಸಿ, ಅರ್ತಿಂಗ್ ಪರೀಕ್ಷಿಸಿ.

ಆಮೇಲೆ ನಿಮ್ಮ ಕಣ್ಣೆದುರೇ ಮೂರು ಪರೀಕ್ಷೆ. ಮುಖ್ಯ ಮೋಟರ್ ಆಫ್ ಮಾಡಿ: ಟಕ್ ಸದ್ದು ನಿಲ್ಲಬೇಕು. ಮೋಟರ್ ಓಡುತ್ತಿರುವಾಗ ಹೊರಹೋಗುವ ವಾಲ್ವನ್ನು ಕೆಲವು ಕ್ಷಣ ಮುಚ್ಚಿ: ಆಗಲೂ ನಿಲ್ಲಬೇಕು. ಮೇನ್ ಸ್ವಿಚ್ ತೆಗೆದು ಮತ್ತೆ ಹಾಕಿ: ಮುಖ್ಯ ಮೋಟರ್ ಶುರುವಾಗದೆ ಡೋಸಿಂಗ್ ಪಂಪ್ ಶುರುವಾಗಬಾರದು. ಮೂರರಲ್ಲಿ ಒಂದು ತಪ್ಪಿದರೂ ಹೈಪೋ ಕ್ಯಾನ್ ತೆರೆಯಬೇಡಿ. ಪಕ್ಕದ ಸಾಕೆಟ್ಟಿಗೆ ಪ್ಲಗ್ ಚುಚ್ಚಿ ಓಡಿಸುವ ತಾತ್ಕಾಲಿಕ ವ್ಯವಸ್ಥೆಗೆ ಒಪ್ಪಲೇಬೇಡಿ; ಅಂತಹ ತಾತ್ಕಾಲಿಕ ವ್ಯವಸ್ಥೆ ಮೂರು ವರ್ಷ ನಡೆದದ್ದನ್ನು ನಾನು ಕಂಡಿದ್ದೇನೆ.

ಹಂತ 8: ಪಂಪನ್ನು ಅಳೆದು ಹೊಂದಿಸಿ

ಈಗ ದ್ರಾವಣ ತುಂಬಿ. ಮುಖ್ಯ ಪಂಪ್ ಓಡುತ್ತಿರಲಿ, ಪೈಪಿನಲ್ಲಿ ಎಂದಿನ ಒತ್ತಡ ಇರಲಿ. ಟ್ಯೂಬಿನ ಹೊರತುದಿಯನ್ನು ಬಕೆಟ್ಟಿಗೆ ಬಿಟ್ಟು ಅಳೆದರೆ ಅಂಕಿ ಹೆಚ್ಚು ಬರುತ್ತದೆ, ಏಕೆಂದರೆ ಅಲ್ಲಿ ಎದುರೊತ್ತಡ ಇಲ್ಲ. ಅಳತೆ ನಡೆಯಬೇಕಾದದ್ದು ಸಕ್ಷನ್ ಬದಿಯಲ್ಲಿ.

ಅಳತೆ ಜಾಡಿಯಲ್ಲಿ 100 ಮಿಲಿಲೀಟರ್ ದ್ರಾವಣ ತೆಗೆದುಕೊಳ್ಳಿ. ಪಂಪ್ ನಿಲ್ಲಿಸಿ ಫುಟ್ ವಾಲ್ವನ್ನು ಟ್ಯಾಂಕಿನಿಂದ ಎತ್ತಿ ಜಾಡಿಯಲ್ಲಿ ನಿಲ್ಲಿಸಿ. ಜಾಡಿಯ ಬಾಯಿ ಕಿರಿದಾದರೆ, ಸಕ್ಷನ್ ಬದಿಯಲ್ಲಿ ಕ್ಯಾಲಿಬ್ರೇಶನ್ ಕೊಳವೆ ಶಾಶ್ವತವಾಗಿ ಹಾಕಿಸಿಕೊಳ್ಳುವುದು ಒಳ್ಳೆಯದು. ಎತ್ತುವಾಗ ಗಾಳಿ ಸೇರಿದ್ದರೆ ಬ್ಲೀಡ್ ಮಾಡಿ. ಮಟ್ಟ ಬರೆದುಕೊಂಡು ಸರಿಯಾಗಿ ಒಂದು ನಿಮಿಷ ಓಡಿಸಿ, ಮತ್ತೆ ಮಟ್ಟ ನೋಡಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಮೂರು ಅಂಕಿಗಳು ಒಂದಕ್ಕೊಂದು ಹತ್ತಿರವಿಲ್ಲದಿದ್ದರೆ ಗಾಳಿ ಇನ್ನೂ ಒಳಗಿದೆ. ಹಂತ 6ಕ್ಕೆ ಹಿಂದಿರುಗಿ.

ಬೋರ್‌ವೆಲ್ ಉದಾಹರಣೆಗೆ ನಿಮಿಷಕ್ಕೆ 30 ಮಿಲಿಲೀಟರ್ ಬರಬೇಕು, ಈಜುಕೊಳಕ್ಕೆ ಸುಮಾರು 33. ಅಷ್ಟು ಬರುವವರೆಗೆ ಗುಂಡಿ ತಿರುಗಿಸಿ. ಹಲವು ಮಾದರಿಗಳಲ್ಲಿ ಸ್ಟ್ರೋಕ್ ಉದ್ದದ ಗುಂಡಿಯನ್ನು ಪಂಪ್ ಓಡುತ್ತಿರುವಾಗಲೇ ತಿರುಗಿಸಬೇಕು. ನಿಂತಾಗ ಬಲವಾಗಿ ತಿರುಗಿಸಿದರೆ ಒಳಗಿನ ಭಾಗ ಕೆಡುತ್ತದೆ. ಹೊಂದಿದ ಮೇಲೆ ಒಂದು ಚೀಟಿಯಲ್ಲಿ ಗುಂಡಿಯ ಅಂಕಿ, ನಿಮಿಷಕ್ಕೆ ಎಷ್ಟು ಮಿಲಿಲೀಟರ್, ದ್ರಾವಣದ ಪ್ರಮಾಣ, ದಿನಾಂಕ ಬರೆದು ಪಂಪಿನ ಪಕ್ಕ ಅಂಟಿಸಿ.

ಹಂತ 9: ನೀರು ಏನು ಹೇಳುತ್ತದೆ ಕೇಳಿ

ಕುಡಿಯುವ, ಬಳಸುವ ನೀರಿನಲ್ಲಿ ಕ್ಲೋರಿನ್ ಕನಿಷ್ಠ 30 ನಿಮಿಷ ಬೆರೆತಿರಬೇಕು. ಭಾರತೀಯ ಮಾನಕ ಐಎಸ್ 10500 ಪ್ರಕಾರ ಬಳಕೆದಾರರ ನಲ್ಲಿಯಲ್ಲಿ ಉಳಿಕೆ ಮುಕ್ತ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಪರೀಕ್ಷೆಯನ್ನು ಪಂಪ್ ರೂಮಿನ ನಲ್ಲಿಯಲ್ಲಿ ಮಾಡಿ ಸಮಾಧಾನಪಡಬೇಡಿ. ಅತಿ ದೂರದ ಬ್ಲಾಕಿನ ಮೇಲಿನ ಮಹಡಿಗೆ ಹೋಗಿ ಮಾಡಿ.

ಈಜುಕೊಳದಲ್ಲಿ ಮುಕ್ತ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8. ಮಾದರಿಯನ್ನು ನೀರು ಒಳಬರುವ ಬಾಯಿಂದ ದೂರದಲ್ಲಿ, ಮೊಣಕೈ ಮುಳುಗುವಷ್ಟು ಆಳದಿಂದ ತೆಗೆಯಿರಿ. ಪಿಎಚ್ ಮೊದಲು ಸರಿಮಾಡಿ. 7.2ರಲ್ಲಿ ಮುಕ್ತ ಕ್ಲೋರಿನ್ನಿನ ಸುಮಾರು ಮೂರನೇ ಎರಡು ಭಾಗ ರೋಗಾಣು ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲು ಭಾಗದಷ್ಟೇ. ಹೈಪೋ ಕ್ಷಾರೀಯವಾದ್ದರಿಂದ ಹಾಕುತ್ತಾ ಹೋದಂತೆ ಪಿಎಚ್ ಏರುತ್ತದೆ. ವಾಣಿಜ್ಯ ಕೊಳಕ್ಕೆ ಆಸಿಡ್ಡಿನ ಎರಡನೇ ಪಂಪ್ ಬೇಕಾಗುವುದು ಇದಕ್ಕೇ, ಅದಕ್ಕೂ ಹಂತ 7ರ ಇಂಟರ್‌ಲಾಕ್ ಹಾಗೆಯೇ ಅನ್ವಯಿಸುತ್ತದೆ.

ಬದಲಾವಣೆ ಶೇಕಡಾ 10ರಷ್ಟೇ ಮಾಡಿ, ನೀರು ಒಂದು ಪೂರ್ಣ ಸುತ್ತು ಬರುವವರೆಗೆ ಕಾಯಿರಿ. ಬೆಳಿಗ್ಗೆ ಒಬ್ಬರು ಏರಿಸಿ, ಮಧ್ಯಾಹ್ನದ ಪಾಳಿಯವರು ಇಳಿಸಿ, ಸಂಜೆಯವರು ಮತ್ತೆ ಏರಿಸುವ ಕಡೆ ಅಂಕಿ ಎಂದೂ ನಿಲ್ಲುವುದಿಲ್ಲ. ಗುಂಡಿ ಮುಟ್ಟುವ ಅಧಿಕಾರ ಒಬ್ಬರಿಗೇ ಇರಲಿ.

ಒಂದು ಬಲೆ ಇದೆ, ಎಚ್ಚರ. ಕ್ಲೋರಿನ್ ತೀರಾ ಹೆಚ್ಚಾದಾಗ ಡಿಪಿಡಿಯ ಗುಲಾಬಿ ಬಣ್ಣವನ್ನೇ ಅದು ಬಿಳುಪು ಮಾಡುತ್ತದೆ. ಹನಿ ಬಿದ್ದ ಕ್ಷಣ ಗುಲಾಬಿ ಮಿಂಚಿ, ಮರುಕ್ಷಣ ನೀರು ಬಣ್ಣವಿಲ್ಲದಾಗುತ್ತದೆ. ನೋಡಿದವರು ಕ್ಲೋರಿನ್ ಸೊನ್ನೆ ಎಂದು ಬರೆದುಕೊಂಡು ಇನ್ನಷ್ಟು ಸುರಿಯುತ್ತಾರೆ. ಒಂದು ವಸತಿ ಸಮುಚ್ಚಯದಲ್ಲಿ ಎರಡು ದಿನ ಹೀಗೆಯೇ ನಡೆದು, ಮಕ್ಕಳ ಕಣ್ಣು ಕೆಂಪಾಗಿ, ಈಜುಡುಗೆಯ ಬಣ್ಣ ಬಿಟ್ಟ ಮೇಲೆ ನನ್ನನ್ನು ಕರೆದಿದ್ದರು. ಅನುಮಾನ ಬಂದರೆ ಒಂದು ಪಾಲು ಮಾದರಿಗೆ ಒಂಬತ್ತು ಪಾಲು ಆರ್‌ಒ ನೀರು ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು 10ರಿಂದ ಗುಣಿಸಿ.

ಎಚ್ಚರಿಕೆಯ ಚಿಹ್ನೆಗಳು

ಸದ್ದು ಇದೆ, ಟ್ಯಾಂಕಿನ ಮಟ್ಟ ಇಳಿಯುತ್ತಿಲ್ಲ: ಗಾಳಿ, ಅಥವಾ ಇಂಜೆಕ್ಷನ್ ತುದಿ ಸುಣ್ಣದಿಂದ ಮುಚ್ಚಿದೆ. ಬ್ಲೀಡ್ ತೆರೆದಾಗ ದ್ರಾವಣ ಸರಾಗ ಬಂದರೆ ತೊಂದರೆ ಇಂಜೆಕ್ಷನ್ ಕಡೆ.

ಪಂಪ್ ನಿಂತಿರುವಾಗಲೂ ಮಟ್ಟ ಇಳಿಯುತ್ತಿದೆ: ಸೈಫನ್. ತಕ್ಷಣ ಫುಟ್ ವಾಲ್ವನ್ನು ದ್ರಾವಣದಿಂದ ಮೇಲೆತ್ತಿ.

ಪಂಪಿನ ತಲೆಯ ಹಿಂದೆ, ಕೆಳಗಿನ ಚಿಕ್ಕ ರಂಧ್ರದಿಂದ ಹನಿ: ಡಯಾಫ್ರಮ್ ಹರಿದಿದೆ. ಆ ರಂಧ್ರ ಇರುವುದೇ ಇದನ್ನು ತೋರಿಸಲು. ಎಂ-ಸೀಲ್ ಹಾಕಿ ಮುಚ್ಚಿದ ಪಂಪುಗಳನ್ನು ನೋಡಿದ್ದೇನೆ. ಆಗ ಹೈಪೋ ಒಳಗಿನ ಸುರುಳಿಗೆ ನುಗ್ಗಿ ಪಂಪೇ ಹೋಗುತ್ತದೆ. ಓಡಿಸುವುದನ್ನು ನಿಲ್ಲಿಸಿ ಡಯಾಫ್ರಮ್ ಬದಲಿಸಿ.

ಕೊಳದಿಂದ ಮೂಗಿಗೆ ಬಡಿಯುವ ವಾಸನೆ: ಜನ ಕ್ಲೋರಿನ್ ಹೆಚ್ಚಾಯಿತೆಂದು ಪಂಪ್ ಇಳಿಸುತ್ತಾರೆ. ಅದು ಹೆಚ್ಚಾಗಿ ಕ್ಲೋರಮೈನ್. ಬೆವರು, ಮೂತ್ರಕ್ಕೆ ಅಂಟಿಕೊಂಡ ಕ್ಲೋರಿನ್. ಒಟ್ಟು ಕ್ಲೋರಿನ್ನಿನಿಂದ ಮುಕ್ತ ಕ್ಲೋರಿನ್ ಕಳೆದು ನೋಡಿ. ಅಂತರ ದೊಡ್ಡದಿದ್ದರೆ ಕೊಳ ಮುಚ್ಚಿದ ಸಮಯದಲ್ಲಿ ಹೆಚ್ಚಿನ ಡೋಸ್ ಕೊಟ್ಟು, ಸ್ವಲ್ಪ ಹೊಸ ನೀರು ತುಂಬಬೇಕು.

ಪಂಪ್ ರೂಮಿನ ಬಾಗಿಲು ತೆರೆದೊಡನೆ ಘಾಟು, ಕಣ್ಣುರಿ, ಕೆಮ್ಮು: ಒಳಗೆ ಹೋಗಬೇಡಿ. ಹೊರಗಿನ ಸ್ವಿಚ್‌ನಿಂದ ವಿದ್ಯುತ್ ತೆಗೆಯಿರಿ, ಜನರನ್ನು ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ದೂರ ಕರೆದೊಯ್ಯಿರಿ, ಕೊಳ ಖಾಲಿ ಮಾಡಿಸಿ, ಅಗ್ನಿಶಾಮಕ ದಳಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡು ಒಳನುಗ್ಗುವ ಧೈರ್ಯ ಯಾರಿಗೂ ಬೇಡ.

ಹಂತ 10: ಸ್ವಚ್ಛಗೊಳಿಸುವ ಕ್ರಮ

ತಿಂಗಳಿಗೊಮ್ಮೆ ಫುಟ್ ವಾಲ್ವ್, ಪಂಪಿನ ವಾಲ್ವ್ ಗುಂಡುಗಳು, ಇಂಜೆಕ್ಷನ್ ತುದಿ ಬಿಚ್ಚಿ ನೋಡಿ. ಬಿಚ್ಚುವ ಮೊದಲು ಮುಖ್ಯ ಪಂಪ್ ನಿಲ್ಲಿಸಿ, ಪೈಪಿನ ಒತ್ತಡ ಇಳಿಸಿ. ಇಲ್ಲದಿದ್ದರೆ ಟ್ಯೂಬಿನಲ್ಲಿರುವ ಹೈಪೋ ಮುಖಕ್ಕೇ ಹಾರುತ್ತದೆ. ವಾಲ್ವ್ ಯಾವ ಮುಖವಾಗಿ ಕೂತಿತ್ತೆಂದು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ವಾಲ್ವ್ ತಲೆಕೆಳಗಾಗಿ ಕೂರಿಸಿದ ಪಂಪ್ ಸದ್ದು ಮಾಡುತ್ತದೆ, ದ್ರಾವಣ ಮಾತ್ರ ಎಳೆಯುವುದಿಲ್ಲ.

ಸುಣ್ಣ ಕರಗಿಸಲು ವಿನೆಗರ್ ಅಥವಾ ತೆಳು ಆಸಿಡ್ ಬೇಕು. ಆದರೆ ಅದಕ್ಕೆ ಮುಂಚೆ ಪಂಪನ್ನು ಕನಿಷ್ಠ 10 ನಿಮಿಷ ಬರೀ ನೀರಿನಲ್ಲಿ ಓಡಿಸಿ, ಬಿಡಿಭಾಗಗಳನ್ನು ಹರಿಯುವ ನೀರಿನಲ್ಲಿ ತೊಳೆಯಿರಿ. ಹೈಪೋ ಅಂಟಿದ ವಾಲ್ವನ್ನು ನೇರವಾಗಿ ಆಸಿಡ್ ಬಟ್ಟಲಿಗೆ ಹಾಕಿದರೆ ಆ ಬಟ್ಟಲಿನಿಂದಲೇ ಕ್ಲೋರಿನ್ ಏಳುತ್ತದೆ, ಅದೂ ನಿಮ್ಮ ಮುಖದ ಕೆಳಗೇ. ಆಸಿಡ್ಡಿನಲ್ಲಿ ನೆನೆಸಿದ ಮೇಲೂ ಮತ್ತೆ ನೀರಿನಲ್ಲಿ ತೊಳೆದೇ ಜೋಡಿಸಿ. ಜೋಡಿಸಿದ ದಿನ ಹಂತ 8ರ ಒಂದು ನಿಮಿಷದ ಅಳತೆ ಮತ್ತೆ ಮಾಡಿ, ಚೀಟಿ ಬದಲಿಸಿ.

ಒಂದು ಡಯಾಫ್ರಮ್, ಒಂದು ಜೊತೆ ವಾಲ್ವ್ ಗುಂಡು, ಒಂದು ಇಂಜೆಕ್ಷನ್ ವಾಲ್ವ್, ಎರಡು ಮೀಟರ್ ಟ್ಯೂಬ್ ಪಂಪ್ ರೂಮಿನ ಕಪಾಟಿನಲ್ಲಿ ಸದಾ ಇರಲಿ. ಡಯಾಫ್ರಮ್ಮನ್ನು ಹರಿಯುವವರೆಗೆ ಕಾಯದೆ ವರ್ಷಕ್ಕೊಮ್ಮೆ ಬದಲಿಸಿ. ಮಳೆಗಾಲದಲ್ಲೋ ದುರಸ್ತಿಗೆಂದೋ ಕೊಳವನ್ನು ವಾರಗಟ್ಟಲೆ ಮುಚ್ಚುವುದಾದರೆ ಟ್ಯಾಂಕಿನ ಹೈಪೋ ಖಾಲಿ ಮಾಡಿ, ಪಂಪಿನಲ್ಲಿ ಸಾಫ್ಟ್‌ನರ್ ನೀರು ಓಡಿಸಿ, ತಲೆಯಲ್ಲಿ ಆ ನೀರು ನಿಂತಿರುವಂತೆಯೇ ಸ್ವಿಚ್ ತೆಗೆಯಿರಿ.